ಕೋವಿಡ್ ದುಡ್ಡಲ್ಲಿ ಫೈರ್ ಎಂಜಿನ್ ಕೊಳ್ಳಬಹುದಾ?

ನ್ಯೂಜೆರ್ಸಿಯ ಒಂದು ಸಣ್ಣ ಊರಿನಿಂದ ಓದುಗರೊಬ್ಬರು ಬರೆದಿದ್ದಾರೆ. ಮೂಲ ತಿಪಟೂರಿನ ಕಡೆ. 2016ರಿಂದ ಅಲ್ಲೇ ಮನೆ ಮಾಡಿಕೊಂಡಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಹೀಗಿದೆ:

"ಕೊರೊನಾದಿಂದ ಚೇತರಿಸಿಕೊಳ್ಳಲಿ ಅಂತ ಕೇಂದ್ರ ಸರ್ಕಾರ ನಮ್ಮೂರಿಗೆ ಸುಮಾರು 20 ಲಕ್ಷ ಡಾಲರ್ ಕೊಟ್ಟಿತು. ಊರಿನವರು ಎರಡು ರಸ್ತೆಗೆ ಡಾಂಬರು ಹಾಕಿಸಿದರು. ಫೈರ್ ಎಂಜಿನ್‌ಗೆ ಆರ್ಡರ್ ಕೊಟ್ಟಿದ್ದಾರಂತೆ, ಅದು ಇನ್ನೂ ಬಂದಿಲ್ಲ. ಯಾಕೆ ಅಂತ ಕೇಳಿದರೆ 'ರೆವಿನ್ಯೂ ಲಾಸ್' ಅನ್ನುತ್ತಾರೆ. ನನ್ನ ಮನೆ ತೆರಿಗೆ ಒಂದು ವರ್ಷವೂ ಇಳಿದಿಲ್ಲ. ಹಾಗಿದ್ದರೆ ಲಾಸ್ ಎಲ್ಲಿಂದ ಬಂತು? ನನ್ನ ಹೆಂಡತಿ ನರ್ಸಿಂಗ್ ಹೋಮ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡ್ತಾಳೆ. 2020ರ ಏಪ್ರಿಲ್‌ನಲ್ಲಿ ಒಂದೇ ಮಾಸ್ಕನ್ನು ಪೇಪರ್ ಕವರಿನಲ್ಲಿಟ್ಟು ಒಣಗಿಸಿಕೊಂಡು ವಾರವಿಡೀ ಹಾಕುತ್ತಿದ್ದಳು. ಅವಳಿಗೆ ಆ ದುಡ್ಡಲ್ಲಿ ಒಂದು ಡಾಲರೂ ಸಿಗಲಿಲ್ಲ. ಇದು ಕಾನೂನು ಪ್ರಕಾರ ಸರಿಯಾ? ನನ್ನದಿನ್ನೂ ಗ್ರೀನ್ ಕಾರ್ಡ್, ಓಟಿಲ್ಲ. ನಾನು ಕೇಳಬಹುದಾ?"

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ. ಕೇಳಬಹುದು. ಧಾರಾಳವಾಗಿ ಕೇಳಬಹುದು. ನಿಮ್ಮೂರಿನಂಥ ಸಣ್ಣ ಊರುಗಳಿಗೆ ಈ ದುಡ್ಡು ಹಂಚಿದ್ದು ಜನಸಂಖ್ಯೆಯ ಲೆಕ್ಕದಲ್ಲಿ. ಎಣಿಸುವಾಗ ಓಟಿದೆಯಾ, ಪಾಸ್‌ಪೋರ್ಟ್ ಯಾವುದು ಅಂತ ನೋಡಿಲ್ಲ. ನೀವು, ನಿಮ್ಮ ಮನೆಯವರು, ಮಕ್ಕಳು, ಎಲ್ಲರ ತಲೆಯೂ ಆ ಲೆಕ್ಕದಲ್ಲಿದೆ. ನಿಮ್ಮ ಹೆಸರಿನಲ್ಲಿ ಬಂದ ದುಡ್ಡು ಎಲ್ಲಿ ಹೋಯಿತು ಅಂತ ಕೇಳೋದಕ್ಕೆ ಸಂಕೋಚ ಯಾಕೆ?

ಇನ್ನು ಕಾನೂನಿನ ಮಾತು. 2021ರ ಮಾರ್ಚ್ 11ರಂದು ಅಧ್ಯಕ್ಷ ಬೈಡನ್ ಸಹಿ ಹಾಕಿದ ಅಮೆರಿಕನ್ ರೆಸ್ಕ್ಯೂ ಪ್ಲ್ಯಾನ್ ಕಾಯ್ದೆಯಲ್ಲಿ 35,000 ಕೋಟಿ ಡಾಲರ್ ಅನ್ನು ರಾಜ್ಯ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ನಗರ, ಮೂಲನಿವಾಸಿ ಬುಡಕಟ್ಟುಗಳ ಸರ್ಕಾರಗಳಿಗಾಗಿ ತೆಗೆದಿಟ್ಟರು. ಅದರಲ್ಲಿ ಸುಮಾರು 1,950 ಕೋಟಿ ಡಾಲರ್ ನಿಮ್ಮೂರಿನಂಥ ಸಣ್ಣ ಊರುಗಳ ಪಾಲು. ಅದು ರಾಜ್ಯದ ಕೈ ಹಾದು, ಎರಡು ಕಂತಿನಲ್ಲಿ, ಒಂದು ವರ್ಷದ ಅಂತರದಲ್ಲಿ ಬಂತು.

ಖರ್ಚಿಗೆ ಕಾಯ್ದೆ ನಾಲ್ಕು ದಾರಿ ಕೊಟ್ಟಿತು. ಕೊರೊನಾ ಮತ್ತು ಅದರಿಂದ ಆದ ಆರ್ಥಿಕ ಪೆಟ್ಟಿಗೆ ಪರಿಹಾರ ಒಂದು. ಅಪಾಯದ ನಡುವೆ ದುಡಿದವರಿಗೆ ಹೆಚ್ಚುವರಿ ಸಂಬಳ ಇನ್ನೊಂದು. ನೀರು, ಒಳಚರಂಡಿ, ಬ್ರಾಡ್‌ಬ್ಯಾಂಡ್ ಮೂರನೆಯದು. ನಾಲ್ಕನೆಯದೇ ನಿಮ್ಮನ್ನು ಕಾಡುತ್ತಿರುವ ರೆವಿನ್ಯೂ ಲಾಸ್. ಊರಿಗೆ ಆದಾಯ ಎಷ್ಟು ಖೋತಾ ಆಯಿತೋ ಅಷ್ಟು ಮೊತ್ತವನ್ನು ಮಾಮೂಲಿ ಸರ್ಕಾರಿ ಸೇವೆಗೆ ಬಳಸಬಹುದು.

ತೆರಿಗೆ ಇಳಿಯದೆ ಖೋತಾ ಹೇಗೆ ಅಂದಿರಿ. ಟ್ರೆಶರಿ, ಅಂದರೆ ಅಲ್ಲಿನ ಹಣಕಾಸು ಇಲಾಖೆ, ಲೆಕ್ಕ ಹಾಕುವ ರೀತಿಯೇ ಬೇರೆ. ಕೊರೊನಾಕ್ಕೆ ಮುಂಚಿನ ಕೊನೆಯ ಪೂರ್ತಿ ಹಣಕಾಸು ವರ್ಷದ ಆದಾಯ ತಗೋಬೇಕು. ಕೊರೊನಾ ಬರದಿದ್ದರೆ ಅದು ವರ್ಷಕ್ಕೆ ಕಡಿಮೆ ಅಂದರೂ 5.2% ಬೆಳೆಯುತ್ತಿತ್ತು ಅಂತ ಹಿಡಿಯಬೇಕು. 100 ರೂಪಾಯಿ ಇದ್ದದ್ದು ಮರುವರ್ಷ 105.20 ಆಗಬೇಕಿತ್ತು, 103 ಆಯಿತು ಅನ್ನಿ. ಕೈಗೆ ಬಂದದ್ದು ಜಾಸ್ತಿಯೇ. ಆದರೂ ಲೆಕ್ಕದಲ್ಲಿ 2.20 ಲಾಸ್.

ನಿಮ್ಮೂರು ಇಷ್ಟು ಲೆಕ್ಕವನ್ನೂ ಹಾಕಿರಲಿಕ್ಕಿಲ್ಲ. ಯಾಕಂದರೆ 2022ರ ಜನವರಿಯಲ್ಲಿ ಬಂದ ಅಂತಿಮ ನಿಯಮದಲ್ಲಿ ಇನ್ನೊಂದು ಅನುಕೂಲ ಕೊಟ್ಟರು. ಲೆಕ್ಕ ಬೇಡ ಅನ್ನುವವರು 1 ಕೋಟಿ ಡಾಲರ್‌ವರೆಗೆ, ತಮಗೆ ಬಂದ ಮೊತ್ತ ಮೀರದಂತೆ, ಸುಮ್ನೆ 'ಇಷ್ಟು ಲಾಸ್' ಅಂತ ಘೋಷಿಸಿಕೊಳ್ಳಬಹುದು. ನಿಮ್ಮೂರಿಗೆ ಬಂದದ್ದೇ 20 ಲಕ್ಷ. ಅಂದರೆ ಅಷ್ಟೂ ದುಡ್ಡು ಒಂದೇ ಏಟಿಗೆ ನಾಲ್ಕನೆಯ ದಾರಿಗೆ ಬಂತು. ಆ ದಾರಿಯಲ್ಲಿ ಏನೇನು ಮಾಡಬಹುದು ಅಂತ ಟ್ರೆಶರಿಯೇ ಕೊಟ್ಟ ಉದಾಹರಣೆಗಳಲ್ಲಿ ರಸ್ತೆ ಇದೆ, ಪೊಲೀಸ್ ವಾಹನ ಇದೆ, ಫೈರ್ ಎಂಜಿನ್ ಕೂಡ ಹೆಸರು ಹಿಡಿದು ಇದೆ. ಹಾಗಾಗಿ ಕಾನೂನಿನ ಪ್ರಕಾರ ನಿಮ್ಮೂರಿನವರು ಮಾಡಿದ್ದು ಸರಿ.

ಪೂರ್ತಿ ಬೇಲಿಯೇ ಇಲ್ಲ ಅಂತಲ್ಲ. ಪಿಂಚಣಿ ನಿಧಿಗೆ ತುಂಬುವಂತಿಲ್ಲ, ಹಳೇ ಸಾಲದ ಕಂತು ಕಟ್ಟುವಂತಿಲ್ಲ, ಕಷ್ಟಕಾಲಕ್ಕಿರಲಿ ಅಂತ ಮೀಸಲಿಡುವಂತಿಲ್ಲ. ಬೇಲಿ ಹೆಚ್ಚುಕಡಿಮೆ ಅಷ್ಟಕ್ಕೇ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಅಲಬಾಮಾ ರಾಜ್ಯ ಇದೇ ನಿಧಿಯ 40 ಕೋಟಿ ಡಾಲರನ್ನು ಹೊಸ ಜೈಲು ಕಟ್ಟಲು ತೆಗೆದಿಟ್ಟಿತು. ಸಾಂಕ್ರಾಮಿಕದ ದುಡ್ಡಲ್ಲಿ ಜೈಲಾ ಅಂತ ತುಂಬ ಜನ ವಿರೋಧ ಮಾಡಿದರು. ಆ ರಾಜ್ಯ ಹಿಡಿದದ್ದೂ ಇದೇ ರೆವಿನ್ಯೂ ಲಾಸ್ ದಾರಿ.

ಇಷ್ಟು ಸಡಿಲ ಯಾಕೆ ಬಿಟ್ಟರು ಅಂತ ನಿಮಗೆ ಸಿಟ್ಟು ಬರುವುದು ಸಹಜ. ಆದರೆ 2020ರಲ್ಲಿ ಆದದ್ದು ನೆನಪಿಡಬೇಕು. ಆಗಿನ ಕೇರ್ಸ್ ಕಾಯ್ದೆಯಲ್ಲಿ 15,000 ಕೋಟಿ ಡಾಲರ್ ಕೊಟ್ಟರು, ಆದರೆ ಕೊರೊನಾಕ್ಕೆ ನೇರ ಸಂಬಂಧ ಇರುವ ಖರ್ಚಿಗೆ ಮಾತ್ರ. ಆದಾಯದ ಖೋತಾ ತುಂಬಿಸಿಕೊಳ್ಳುವಂತಿರಲಿಲ್ಲ. ಊರುಗಳ ಪೈಕಿ 5 ಲಕ್ಷಕ್ಕಿಂತ ಜಾಸ್ತಿ ಜನ ಇದ್ದ ಕಡೆಗೆ ಮಾತ್ರ ಅದು ನೇರವಾಗಿ ಹೋಯಿತು. ಅದೇ ಹೊತ್ತಿಗೆ ರಾಜ್ಯ ಮತ್ತು ಊರಿನ ಸರ್ಕಾರಗಳಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಕೆಲಸಗಳು ಹೋದವು. ಜೊತೆಗೆ ಸಣ್ಣ ಊರಿನ ಕಚೇರಿಯಲ್ಲಿ ಇರುವುದು ಎಷ್ಟು ಜನ? ಒಬ್ಬ ಕ್ಲರ್ಕ್, ಲೆಕ್ಕ ನೋಡಲು ಇನ್ನೊಬ್ಬರು. ನೂರು ಪುಟದ ನಿಯಮ ಕೊಟ್ಟು ಪ್ರತಿ ಡಾಲರಿಗೂ ಸಾಬೀತು ಕೇಳಿದ್ದರೆ ಎಷ್ಟೋ ಊರು ದುಡ್ಡೇ ಬೇಡ ಅನ್ನುತ್ತಿದ್ದವು. ಹಾಗಾಗಿ ಸಡಿಲ ಬಿಟ್ಟದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ನನಗೆ ತಪ್ಪು ಅನಿಸುವುದು ಇನ್ನೊಂದು ಕಡೆ. 2.5 ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರ, ಕೌಂಟಿಗಳು ಪ್ರತಿ ವರ್ಷ ಯೋಜನೆ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು ಅಂತ ನಿಯಮ ಇಟ್ಟರು. ನಿಮ್ಮೂರಿನಂಥ ಕಡೆ ಅದಿಲ್ಲ. ಪ್ರತಿ ಏಪ್ರಿಲ್ 30ರೊಳಗೆ ಟ್ರೆಶರಿಗೆ ಒಂದು ವರದಿ ಕಳಿಸಿದರೆ ಮುಗಿಯಿತು. ಖರ್ಚಿನಲ್ಲಿ ಕೈ ಬಿಚ್ಚಿ ಕೊಟ್ಟವರು, ಊರಿನವರನ್ನು ಕೂರಿಸಿ ಲೆಕ್ಕ ಒಪ್ಪಿಸಿ ಅಂತ ಒಂದು ಸಾಲು ಸೇರಿಸಬಹುದಿತ್ತು ಅಲ್ವಾ?

ನಮ್ಮ ಕಡೆ ಪಂಚಾಯಿತಿಗಳಿಗೆ 2021-26ರ ಅವಧಿಗೆ ಗೊತ್ತುಮಾಡಿದ 15ನೇ ಹಣಕಾಸು ಆಯೋಗದ ಅನುದಾನ ನೋಡಿ. ಅದರಲ್ಲಿ 60% ಟೈಡ್, ಅಂದರೆ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ಉಳಿದ 40% ಅನ್‌ಟೈಡ್. ಅದರ ಮೇಲೆ ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಇದೆ, ಪಂಚಾಯಿತಿಯ ಲೆಕ್ಕವನ್ನು ಜನರ ಮುಂದೆ ಓದುವುದು. ಎಷ್ಟೋ ಕಡೆ ಅದು ಬರೀ ಸಹಿ ಹಾಕಿಸುವ ಕೆಲಸ ಆಗಿದೆ, ಒಪ್ಪುತ್ತೇನೆ. ಆದರೆ ಕೆಲವು ವರ್ಷದ ಹಿಂದೆ ನಮ್ಮೂರಿನ ಜಮಾಬಂದಿಯಲ್ಲಿ ನಾನೇ ಕೂತಿದ್ದೆ. ಪಿಡಿಒ ಓದುತ್ತಾ ಹೋದರು. ನೀರಿನ ಟ್ಯಾಂಕಿಗೆ ವಾಲ್ವ್ ಹಾಕಿಸಿದ ಖರ್ಚು ಬಂತು. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ ಎದ್ದು, "ಆ ವಾಲ್ವ್ ಎಲ್ಲೈತೆ, ತೋರ್ಸಿ ನಡೀರಿ" ಅಂದರು. ಎಲ್ಲರೂ ಎದ್ದು ಟ್ಯಾಂಕಿನ ಹತ್ತಿರ ಹೋದೆವು. ವಾಲ್ವ್ ಇತ್ತು, ಹೊಸದೇ ಇತ್ತು. ಅಜ್ಜಿ ಕೈಯಿಂದ ಒಂದು ಸಲ ತಿರುಗಿಸಿ ನೋಡಿ, "ಸರಿ" ಅಂದು ಮನೆಗೆ ಹೋದರು. ಆಮೇಲೆ ಆ ಖರ್ಚಿನ ಬಗ್ಗೆ ಊರಲ್ಲಿ ಯಾರೂ ಗೊಣಗಲಿಲ್ಲ.

ಈಗ ನಿಮ್ಮ ಮನೆಯವರ ವಿಷಯ. ಇದನ್ನು ಬರೆಯುವುದು ನನಗೆ ಕಷ್ಟ. ಅವರಂಥವರನ್ನು ಕಾಯ್ದೆ ಮರೆತಿರಲಿಲ್ಲ. ಎರಡನೆಯ ದಾರಿ ಇದ್ದದ್ದೇ ಅವರಿಗಾಗಿ. ಗಂಟೆಗೆ 13 ಡಾಲರ್‌ವರೆಗೆ, ಒಬ್ಬರಿಗೆ ಒಟ್ಟು 25,000 ಡಾಲರ್‌ವರೆಗೆ ಹೆಚ್ಚುವರಿಯಾಗಿ ಕೊಡಬಹುದಿತ್ತು. 2020ರ ಜನವರಿ 27ರಿಂದ ಮಾಡಿದ ಕೆಲಸಕ್ಕೆ ಹಿಂದಕ್ಕೆ ಹೋಗಿಯೂ ಕೊಡಬಹುದಿತ್ತು. ನರ್ಸಿಂಗ್ ಹೋಮಿನ ಕೆಲಸ ನಿಯಮದಲ್ಲೇ ಹೆಸರಿಸಿದ ಕೆಲಸ. ಖಾಸಗಿಯವರ ಕೈಕೆಳಗೆ ದುಡಿದಿದ್ದರೂ, ಅವರ ಮೂಲಕ ಊರು ಕೊಡಬಹುದಿತ್ತು.

ಎಲ್ಲಾ ಕಡೆ 'ಬಹುದು'. ಒಂದು ಕಡೆಯೂ 'ಬೇಕು' ಇಲ್ಲ. ನಿಮ್ಮೂರಿನ ಕೌನ್ಸಿಲ್ ಕಾನೂನು ಮುರಿದಿಲ್ಲ, ನಿಮ್ಮ ಮನೆಯವರು ಅವರ ಕಣ್ಣಿಗೆ ಬೀಳಲಿಲ್ಲ ಅಷ್ಟೇ. ನನಗೆ ಇದು ಕಾನೂನು ಮುರಿದದ್ದಕ್ಕಿಂತ ಹೆಚ್ಚು ನೋವಿನ ವಿಷಯ. ಯಾವುದೇ ಕೆಲಸಕ್ಕೆ ದುಡ್ಡು ಗೊತ್ತುಮಾಡಿ ಕರಾರು ಮಾಡಿಕೊಳ್ಳುವ ಗಡುವು 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಹಾಗಾಗಿ ಈ ನಿಧಿಯಿಂದ ಅವರಿಗೆ ಹೊಸದಾಗಿ ಕೊಡುವ ಅವಕಾಶ ಈಗಿಲ್ಲ. ಸುಳ್ಳು ಭರವಸೆ ಕೊಡಲಾರೆ.

ಆದರೆ ಫೈರ್ ಎಂಜಿನ್ ಇನ್ನೂ ಬಂದಿಲ್ಲ ಅಂದಿರಿ. ಕೇಳಲು ಅದೇ ಒಳ್ಳೆಯ ಜಾಗ. ಗೊತ್ತುಮಾಡಿದ ದುಡ್ಡನ್ನು 2026ರ ಡಿಸೆಂಬರ್ 31ರೊಳಗೆ ಖರ್ಚು ಮಾಡಿ ಮುಗಿಸಬೇಕು. ಮಿಕ್ಕದ್ದು ವಾಪಸ್ ಟ್ರೆಶರಿಗೆ. ಈಚಿನ ವರ್ಷಗಳಲ್ಲಿ ಫೈರ್ ಎಂಜಿನ್ ಆರ್ಡರ್ ಕೊಟ್ಟು ಎರಡು ಮೂರು ವರ್ಷ ಕಾದ ಊರುಗಳು ಬಹಳ. ಆರ್ಡರ್ 2024 ಮುಗಿಯುವ ಮುಂಚೆ ಆಗಿದೆಯಾ? ಗಡುವಿನೊಳಗೆ ಬಂದು ಬಿಲ್ ಪಾವತಿ ಆಗುತ್ತದಾ? ಇದಕ್ಕೆ ಅವರ ಹತ್ತಿರ ಉತ್ತರ ಇರಲೇಬೇಕು.

ನ್ಯೂಜೆರ್ಸಿಯಲ್ಲಿ ನಮ್ಮ ಆರ್‌ಟಿಐ ಹಾಗೆಯೇ ಓಪ್ರಾ ಅಂತ ಕಾಯ್ದೆ ಇದೆ. ಅರ್ಜಿಯನ್ನು ಊರಿನ ಮುನಿಸಿಪಲ್ ಕ್ಲರ್ಕ್‌ಗೆ ಕೊಡಬೇಕು. ನಮ್ಮಲ್ಲಿ 30 ದಿನ, ಅಲ್ಲಿ ಸಾಮಾನ್ಯವಾಗಿ ಏಳು ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ಫೈರ್ ಎಂಜಿನ್ ಕೊಳ್ಳಲು ಕೌನ್ಸಿಲ್ ಮಾಡಿದ ನಿರ್ಣಯ, ಆರ್ಡರಿನ ಪ್ರತಿ, ಟ್ರೆಶರಿಗೆ ಪ್ರತಿ ಏಪ್ರಿಲ್‌ನಲ್ಲಿ ಕಳಿಸಿದ ವರದಿಗಳು, ಇಷ್ಟು ಕೇಳಿ. 'ಎಲ್ಲಾ ಕಾಗದ ಕೊಡಿ' ಅಂತ ಬರೆಯಬೇಡಿ, ಯಾವ ಕಾಗದ ಅಂತ ಹೆಸರು ಹೇಳಿ. ಖರ್ಚು ಮುಗಿದ ಮೇಲೂ ಐದು ವರ್ಷ ದಾಖಲೆ ಇಟ್ಟಿರಬೇಕು ಅನ್ನುವುದು ಈ ನಿಧಿಯ ನಿಯಮ. ಹಾಗಾಗಿ ಹಳೇ ಕಾಗದ ಸಿಗಲ್ಲ ಅಂದರೆ ಒಪ್ಪಬೇಡಿ.

ಕೌನ್ಸಿಲ್ ಸಭೆಗೂ ಹೋಗಿ. ಜನ ಮಾತಾಡಲು ಅಲ್ಲಿ ಪ್ರತಿ ಸಭೆಯಲ್ಲೂ ಸಮಯ ಇಡಬೇಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಕೆಲವೇ ನಿಮಿಷ ಸಿಗಬಹುದು, ಬರೆದುಕೊಂಡು ಹೋಗಿ. ನಿಮ್ಮ ಮನೆಯವರೂ ಜೊತೆಗೆ ಬರಲಿ. ಆ ಮಾಸ್ಕ್, ಆ ಪೇಪರ್ ಕವರ್, ಆ ಏಪ್ರಿಲ್ ತಿಂಗಳ ಬಗ್ಗೆ ಅವರೇ ಮೈಕಿನ ಮುಂದೆ ಹೇಳಲಿ.

ಓಪ್ರಾ ಉತ್ತರ ಬಂದ ಮೇಲೆ ನಮಗೂ ಒಂದು ಪ್ರತಿ ಕಳಿಸಿ. ಓದಿ ಅರ್ಥ ಮಾಡಿಕೊಳ್ಳಲು ಕೂತು ನೆರವಾಗುತ್ತೇನೆ.