25 ಅಂದರು, 90 ಬಂದರು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: ‘ಮಕ್ಕಳ ಹುಟ್ಟುಹಬ್ಬಗಳಲ್ಲಿ ಜಾದೂ, ಮಾತನಾಡುವ ಗೊಂಬೆ ಕಾರ್ಯಕ್ರಮ ಕೊಡುತ್ತೇನೆ. ಈಚೆಗೆ ಒಂದು ಕಡೆ 25 ಮಕ್ಕಳು ಅಂದಿದ್ದರು. ದೊಡ್ಡವರೂ ಸೇರಿ 90 ಜನ ಬಂದರು. ಹಿಂದೆ ನಿಂತವರಿಗೆ ಏನೂ ಕಾಣಲಿಲ್ಲ. ಬಲೂನಿಗೆ ನೂಕುನುಗ್ಗಲು. ಇನ್ನೊಂದು ಮನೆಯಲ್ಲಿ ಮಳೆಯ ದೆಸೆಯಿಂದ ನಾಲ್ಕೇ ಮಕ್ಕಳು. ಅವರ ಮುಂದೆ ಮೈಕ್ ಹಿಡಿದು ನಿಲ್ಲೋಕೆ ನಾಚಿಕೆಯಾಯಿತು. ಎಷ್ಟು ಜನ ಬರುತ್ತಾರೆ ಅಂತ ಮೊದಲೇ ತಿಳಿಯುವುದು ಹೇಗೆ? ಜಾಸ್ತಿ ಜನ ಬಂದರೆ ಜಾಸ್ತಿ ದುಡ್ಡು ಕೇಳಬಹುದಾ?’

ಸಂಪಾದಕರ ಉತ್ತರ:

ನಮಸ್ಕಾರ. ‘ಎಷ್ಟು ಜನ ಬರ್ತಾರೆ?’ ಅಂತ ಕೇಳುವುದನ್ನು ಮೊದಲು ಬಿಡಿ. ಮನೆಯವರು ಸುಳ್ಳು ಹೇಳುವುದಿಲ್ಲ, ಪಾಪ, ಅವರಿಗೇ ಗೊತ್ತಿರುವುದಿಲ್ಲ. ಕರೆದಾಗ ‘ಬರಲ್ಲ’ ಅಂತ ಮುಖಕ್ಕೆ ಹೇಳುವ ರೂಢಿ ನಮ್ಮಲ್ಲಿಲ್ಲ. ‘ನೋಡೋಣ’ ಅಂತಾರೆ. ಬಂದರೆ ಊರಿಂದ ಬಂದ ನಾದಿನಿ, ಅವರ ಮಕ್ಕಳು, ಎಲ್ಲರನ್ನೂ ಕರೆದುಕೊಂಡು ಬರುತ್ತಾರೆ. ಅದರ ಬದಲು ಎರಡು ಪ್ರಶ್ನೆ ಕೇಳಿ. ರಿಟರ್ನ್ ಗಿಫ್ಟ್ ಎಷ್ಟು ತಂದಿದ್ದೀರಿ? ಅಡುಗೆಯವರಿಗೆ ಎಷ್ಟು ಪ್ಲೇಟ್ ಹೇಳಿದ್ದೀರಿ? ಮೊದಲನೆಯದರಲ್ಲಿ ಮಕ್ಕಳ ಲೆಕ್ಕ ಸಿಗುತ್ತದೆ, ಎರಡನೆಯದರಲ್ಲಿ ಒಟ್ಟು ಜನರದ್ದು. ಕೈಯಿಂದ ದುಡ್ಡು ಹೋಗುವ ಕಡೆ ಯಾರೂ ಬಾಯಿಗೆ ಬಂದ ಸಂಖ್ಯೆ ಹೇಳುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಇನ್ನೊಂದು ಮಾತು ಕೇಳಿ: ಆಹ್ವಾನ ಅಲ್ಲಿನ ವಾಟ್ಸಾಪ್ ಗ್ರೂಪಿಗೆ ಬಿದ್ದಿದೆಯಾ? ಬಿದ್ದಿದ್ದರೆ ಯಾವ ಲೆಕ್ಕವನ್ನೂ ನಂಬಬೇಡಿ.

ಇಷ್ಟು ಮಾಡಿದರೂ ಲೆಕ್ಕ ತಪ್ಪುತ್ತದೆ. ಹಾಗಾಗಿ ನಿಮ್ಮ ಪೆಟ್ಟಿಗೆಯನ್ನು ಬೇರೆ ಥರ ಜೋಡಿಸಿಕೊಳ್ಳಿ. ಯಾವ ಐಟಂ ಎಷ್ಟು ದೂರಕ್ಕೆ ಕಾಣುತ್ತದೆ ಅನ್ನುವುದೇ ಲೆಕ್ಕ, ತಲೆ ಎಣಿಸಿ ಪ್ರಯೋಜನವಿಲ್ಲ. ಇಸ್ಪೀಟಿನ ಎಲೆ ಸುಮಾರು 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಐದನೇ ಸಾಲಿನ ಮಗುವಿಗೆ ಅದು ಆಟೀನೋ ಇಸ್ಪೀಟೋ ಗೊತ್ತಾಗುವುದೇ ಇಲ್ಲ. ನಾಣ್ಯವೂ ಅಷ್ಟೇ. ಹಗ್ಗ, ದೊಡ್ಡ ಬಣ್ಣದ ಕರವಸ್ತ್ರ, ಒಂದರೊಳಗೊಂದು ಸಿಕ್ಕಿಕೊಳ್ಳುವ ಉಕ್ಕಿನ ಬಳೆಗಳು ಹಾಲ್‌ನ ಕೊನೆಯವರೆಗೂ ಕಾಣುತ್ತವೆ. ನಮ್ಮ ಬಯಲಾಟದವರು ಬಂದ ಜನರನ್ನು ಯಾವತ್ತಾದರೂ ಎಣಿಸಿದ್ದಾರಾ? ಅಷ್ಟಗಲದ ಕಿರೀಟ, ಅಷ್ಟು ದಪ್ಪ ಬಣ್ಣ ಇರೋದೇ ಗದ್ದೆಯ ಆ ತುದಿಯಲ್ಲಿ ಕೂತವನಿಗೂ ಕಾಣಲಿ ಅಂತ.

ಜನ ಜಾಸ್ತಿಯಾದರೆ ಮೊದಲ ಐದು ನಿಮಿಷ ಕೂರಿಸುವುದಕ್ಕೇ ಮೀಸಲಿಡಿ. ಕುರ್ಚಿ ಹಿಂದಕ್ಕೆ ತಳ್ಳಿಸಿ ಜಮಖಾನ ಹಾಸಿಸಿ. ಮಕ್ಕಳು ನೆಲದ ಮೇಲೆ, ಪುಟ್ಟವರು ಮುಂದೆ. ಜಮಖಾನದ ಅಂಚಿನಿಂದ ನಿಮಗೆ ಎರಡು ಮಾರು ಜಾಗ ಇರಲಿ, ಯಾಕೆಂದರೆ ನಾಲ್ಕೈದು ವರ್ಷದವು ಕೂತಲ್ಲೇ ಜರುಗಿ ಜರುಗಿ ನಿಮ್ಮ ಮೇಜಿನ ಕೆಳಗೇ ಬಂದಿರುತ್ತವೆ. ನಿಜವಾದ ಗಲಾಟೆ ಮಕ್ಕಳದ್ದಲ್ಲ. ಹಿಂದೆ ನಿಂತು ಸೈಟಿನ ರೇಟು ಮಾತಾಡುವ ಅಪ್ಪಂದಿರದ್ದು. ಅವರಿಗೆ ‘ಸುಮ್ನಿರಿ’ ಅನ್ನೋಕಾಗಲ್ಲ. ಇಬ್ಬರನ್ನು ಕರೆದು ಹಗ್ಗದ ಎರಡು ತುದಿ ಹಿಡಿಸಿ. ಉಳಿದವರು ತಾವಾಗಿಯೇ ಈ ಕಡೆ ತಿರುಗುತ್ತಾರೆ. ಗೊಂಬೆಯನ್ನು ಎದೆಯ ಮಟ್ಟದಲ್ಲಿ ಹಿಡಿಯಬೇಡಿ. ಗಟ್ಟಿ ಸ್ಟೂಲಿನ ಮೇಲೆ ಕಾಲಿಟ್ಟು ತೊಡೆಯ ಮೇಲೆ ಕೂರಿಸಿಕೊಳ್ಳಿ. ಅದು ಮಾತಾಡುವುದು ಕೊನೇ ಸಾಲಿನವರ ಜೊತೆ ಇರಲಿ. ‘ಏ ನೀಲಿ ಶರ್ಟಿನ ಅಂಕಲ್, ಊಟಕ್ಕೆ ಇನ್ನೂ ಟೈಮಿದೆ’ ಅಂದರೆ ಸಾಕು.

ಬಲೂನಿನದ್ದು ಮಾತ್ರ ಶುದ್ಧ ಗಣಿತ. ನೀವು ತಿರುಚಿ ನಾಯಿ, ಕಿರೀಟ ಮಾಡುವ ಉದ್ದ ಬಲೂನಿಗೆ ‘260’ ಅನ್ನುವ ಹೆಸರು ಬಂದಿರುವುದೇ ಅಳತೆಯಿಂದ: ಊದಿದಾಗ 2 ಇಂಚು ದಪ್ಪ, 60 ಇಂಚು ಉದ್ದ. ಒಂದು ನಾಯಿಗೆ ಒಂದು ನಿಮಿಷ ಅಂದರೂ 60 ಮಕ್ಕಳಿಗೆ ಒಂದು ಗಂಟೆ. ಐವತ್ತೊಂಬತ್ತು ಮಕ್ಕಳಿಗೆ ಕೊಟ್ಟು ಒಂದಕ್ಕೆ ತಪ್ಪಿದರೆ ಆ ಅಳುವೇ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಎಲ್ಲರಿಗೂ ಆಗುವ ಹಾಗಿಲ್ಲ ಅಂದರೆ ಹುಟ್ಟುಹಬ್ಬದ ಮಗುವಿಗೆ ಒಂದು ಕಿರೀಟ ಮಾಡಿಕೊಟ್ಟು ನಿಲ್ಲಿಸಿ, ಮಿಕ್ಕವರಿಗೆ ಸ್ಟಿಕರ್ ಹಂಚಿ. ಒಡೆದ ಚೂರುಗಳನ್ನು ಆಗಾಗಲೇ ಆರಿಸಿಬಿಡಿ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಉಸಿರು ಕಟ್ಟುತ್ತದೆ.

ಇನ್ನು ಆ ನಾಲ್ಕು ಮಕ್ಕಳ ವಿಷಯ. ತೊಂಬತ್ತಕ್ಕಿಂತ ನಾಲ್ಕೇ ಕಷ್ಟ ಅನ್ನೋದು ನನ್ನ ಅಭಿಪ್ರಾಯ. ತೊಂಬತ್ತು ಜನರಲ್ಲಿ ಯಾರೋ ಒಬ್ಬರು ನಕ್ಕೇ ನಗುತ್ತಾರೆ. ನಾಲ್ಕರಲ್ಲಿ ಇಬ್ಬರು ನಾಚಿಕೊಂಡು ಅಮ್ಮನ ಹಿಂದೆ ಅವಿತರೆ ಅರ್ಧ ಸಭೆ ಖಾಲಿ! ಅಲ್ಲಿ ಮೈಕ್ ಎತ್ತಿಟ್ಟು ನೀವೂ ನೆಲದ ಮೇಲೆ ಕೂತುಬಿಡಿ. ಗೊಂಬೆ ನಾಲ್ವರ ಹೆಸರನ್ನೂ ಕೇಳಲಿ, ತಪ್ಪು ತಪ್ಪಾಗಿ ಹೇಳಲಿ. ಆಮೇಲೆ ಒಂದು ಜಾದೂ ಕಲಿಸಿ. ರಬ್ಬರ್ ಬ್ಯಾಂಡಿನದ್ದು ಇದೆಯಲ್ಲ, ಅದು ಸಾಕು. ತೋರುಬೆರಳು, ನಡುಬೆರಳಿಗೆ ಬ್ಯಾಂಡ್ ಹಾಕಿ. ಅಂಗೈ ಕಡೆಯಿಂದ ಅದನ್ನು ಎಳೆದು ಹಿಡಿದು, ಬೆರಳು ಮಡಚುತ್ತಾ ನಾಲ್ಕರ ತುದಿಯನ್ನೂ ಅದರೊಳಗೆ ತೂರಿಸಿ ಬಿಡಿ. ಮುಷ್ಟಿ ಬಿಚ್ಚಿದರೆ ಬ್ಯಾಂಡ್ ಉಂಗುರಬೆರಳು, ಕಿರುಬೆರಳಿಗೆ ಹಾರಿರುತ್ತದೆ. ಪುಟ್ಟ ಕೈಗಳಿಗೆ ಇದು ಬೇಗ ಒಗ್ಗುವುದಿಲ್ಲ. ಬ್ಯಾಂಡ್ ಜಾರಿ ಸೋಫಾ ಕೆಳಗೆ ಹೋಗುತ್ತದೆ, ನಾಲ್ವರೂ ಹುಡುಕುತ್ತಾರೆ. ಕಾಲು ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ದೊಡ್ಡ ಹಾಲ್‌ನಲ್ಲಿ ಇದನ್ನು ಮಾಡೋಕಾಗುತ್ತಾ?

ಎರಡೂ ಥರದ ತಯಾರಿ ಒಂದೇ ಸಂಜೆ ಬೇಕಾಗುತ್ತದೆ ಅನ್ನುವುದನ್ನೂ ನೆನಪಿಡಿ. ಕಾರ್ಡಿನಲ್ಲಿ 6 ಗಂಟೆ ಅಂತಿದ್ದರೆ ಜನ ಸೇರುವುದು ಏಳಕ್ಕೆ. ಮೊದಲು ಬಂದ ನಾಲ್ಕಾರು ಮಕ್ಕಳ ಪಕ್ಕ ಕೂತು ಸಣ್ಣ ಆಟ ಆಡಿಸುತ್ತಿರಿ. ಹಾಲ್ ತುಂಬಿದ ಮೇಲೆ ದೊಡ್ಡ ಪೆಟ್ಟಿಗೆ ತೆಗೆಯಿರಿ. ಕೇಕ್ ಕತ್ತರಿಸುವ ಮೊದಲೇ ಶೋ ಮುಗಿಯಬೇಕು. ಆಮೇಲೆ ಎಲ್ಲರ ಕಣ್ಣೂ ಊಟದ ಕಡೆ.

ದುಡ್ಡಿನ ವಿಷಯ. ನೆಂಟರ ಮುಂದೆ ‘ಜನ ಜಾಸ್ತಿ ಇದ್ದಾರೆ, ಇನ್ನಷ್ಟು ಕೊಡಿ’ ಅಂತ ಕೇಳಬೇಡಿ. ಕೊಟ್ಟರೂ ಮತ್ತೆ ಕರೆಯುವುದಿಲ್ಲ. ನಾಲ್ಕೇ ಮಕ್ಕಳು ಬಂದರು ಅಂತ ಕಡಿಮೆಯನ್ನೂ ಮಾಡಬೇಡಿ. ಆ ಸಂಜೆ ನಿಮ್ಮದು ಹೋಯಿತು ತಾನೇ? ದರ ಸಮಯಕ್ಕೆ ಇರಲಿ, ತಲೆಗಲ್ಲ. ತಲೆ ಲೆಕ್ಕ ಬಲೂನಿಗೆ ಮಾತ್ರ. ಅಡ್ವಾನ್ಸ್ ತೆಗೆದುಕೊಳ್ಳುವಾಗಲೇ ಒಂದು ಮೆಸೇಜ್ ಕಳಿಸಿಬಿಡಿ: ‘ಶೋ 45 ನಿಮಿಷ. ಮಕ್ಕಳು ಎಷ್ಟೇ ಇದ್ದರೂ ದರ ಇಷ್ಟೇ. ಬಲೂನು 30 ಮಕ್ಕಳವರೆಗೆ, ಅದಕ್ಕಿಂತ ಜಾಸ್ತಿ ಬೇಕಿದ್ದರೆ ಹಿಂದಿನ ದಿನವೇ ಹೇಳಿ, ಸಹಾಯಕರನ್ನು ಕರೆತರುತ್ತೇನೆ, ಅದಕ್ಕೆ ಬೇರೆ ದರ. ಸ್ಪೀಕರ್ ನಾನೇ ತರುತ್ತೇನೆ. ಜಮಖಾನ ನಿಮ್ಮದು.’