‘ಬಿಪಿಎ ಇಲ್ಲ’ ಸರಿ, ಇರುವುದೇನು?

(ಪತ್ರದ ಸಾರ: ತೀರ್ಥಹಳ್ಳಿಯ ಓದುಗರೊಬ್ಬರು ಮಗಳ ಶಾಲೆಗೆಂದು ‘ಬಿಪಿಎ ರಹಿತ’ ಎಂಬ ಚೀಟಿಯಿರುವ ದುಬಾರಿ ನೀರಿನ ಬಾಟಲಿ ಕೊಂಡಿದ್ದಾರೆ. ಅದರಲ್ಲಿ ಬಿಸಿನೀರು ತುಂಬಬಹುದೇ? ಹೋಟೆಲಿನವರು ಪ್ಲಾಸ್ಟಿಕ್ ಬಿಟ್ಟು ಕಾಗದದ ಡಬ್ಬಿಗೆ ಬಂದಿರುವುದರಿಂದ ಇನ್ನು ನಿಶ್ಚಿಂತೆಯೇ? ಅಮೆರಿಕದವರು ನಮ್ಮ ಅಡಿಕೆಯ ಹಾಳೆತಟ್ಟೆಯನ್ನೇ ಬೇಡವೆಂದ ಮೇಲೆ ಯಾವುದನ್ನು ನಂಬುವುದು?)

ಸಂಪಾದಕರ ಉತ್ತರ: ಬೇಡವೆಂದು ತೆಗೆದದ್ದರ ಜಾಗಕ್ಕೆ ಬಂದದ್ದು ಏನು ಎಂದು ಕೇಳುವವರು ಕಡಿಮೆ. ನೀವು ಕೇಳಿದ್ದೀರಿ. ಆದ್ದರಿಂದ ಈ ಸಲದ ಪುಟವನ್ನು ನಿಮ್ಮೊಬ್ಬರಿಗೇ ಬಿಟ್ಟಿದ್ದೇನೆ.

ಬಿಪಿಎ ಎಂದರೆ ಬಿಸ್ಫಿನಾಲ್-ಎ ಎಂಬ ರಾಸಾಯನಿಕ. ಗಾಜಿನಂತೆ ಹೊಳೆಯುವ ಗಡಸು ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್‌ ತಯಾರಿಕೆಯಲ್ಲಿ ಮತ್ತು ತಗಡಿನ ಡಬ್ಬಿಗಳ ಒಳಮೈಗೆ ಬಳಿಯುವ ಎಪಾಕ್ಸಿ ಲೇಪದಲ್ಲಿ ಇದರ ಬಳಕೆ. ಇದು ದೇಹದಲ್ಲಿ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನಿನಂತೆ ವರ್ತಿಸಬಲ್ಲದೆಂದು 1930ರ ದಶಕದಲ್ಲೇ ತಿಳಿದಿದ್ದರೂ, ಯುರೋಪಿನಲ್ಲಿ ಮಕ್ಕಳ ಹಾಲಿನ ಬಾಟಲಿಯಿಂದ ಅದನ್ನು ಹೊರಹಾಕುವ ಹೊತ್ತಿಗೆ 2011 ಬಂದಿತ್ತು. ಅಲ್ಲಿನ ಆಹಾರ ಸುರಕ್ಷತಾ ಪ್ರಾಧಿಕಾರವು ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 4 ಮೈಕ್ರೋಗ್ರಾಂ ಇದ್ದ ಮಿತಿಯನ್ನು 2023ರಲ್ಲಿ 0.2 ನ್ಯಾನೋಗ್ರಾಂಗೆ, ಅಂದರೆ 20,000 ಪಟ್ಟು ಕೆಳಗೆ, ಇಳಿಸಿತು. ಅಷ್ಟರಲ್ಲಿ ಉದ್ಯಮ ಬಿಪಿಎ ಬಿಟ್ಟು ಅದರ ದಾಯಾದಿಗಳಾದ ಬಿಸ್ಫಿನಾಲ್-ಎಸ್, ಬಿಸ್ಫಿನಾಲ್-ಎಫ್‌ಗಳ ಕೈಹಿಡಿದಿತ್ತು. ಪ್ರಯೋಗಾಲಯದಲ್ಲಿ ಅವೂ ಹೆಚ್ಚುಕಡಿಮೆ ಅದೇ ಗುಣ ತೋರಿದವು. ಅಂಗಡಿಯ ಬಿಲ್ಲು ಮುದ್ರಿಸುವ ಆ ನುಣುಪು ಕಾಗದದಲ್ಲೂ ಇದೇ ಅದಲುಬದಲು ನಡೆದಿದೆ. ಇನ್ನು ಸಾಮಾನ್ಯ ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ಕನ್ನು ಬಿಪಿಎಯಿಂದ ಮಾಡುವುದೇ ಇಲ್ಲ. ಅದರ ಮೇಲೆ ‘ಬಿಪಿಎ ರಹಿತ’ ಎಂದು ಅಚ್ಚು ಹಾಕುವುದು ಬಾಳೆಹಣ್ಣಿಗೆ ‘ಮೂಳೆ ಇಲ್ಲ’ ಎಂದು ಚೀಟಿ ಅಂಟಿಸಿದಂತೆ. ನೀವು ಹೆಚ್ಚಿಗೆ ತೆತ್ತದ್ದು ಆ ಚೀಟಿಗೆ ಎಂದರೆ ಬೇಸರಿಸಬೇಡಿ. ತಣ್ಣೀರಿಗೆ ಬಾಟಲಿ ಇರಲಿ, ಬಿಸಿನೀರಿಗೆ ಸ್ಟೀಲಿನದು ಕೊಡಿ.

ಪ್ಲಾಸ್ಟಿಕ್ಕಿನಿಂದ ಉಪಕಾರವೇ ಆಗಿಲ್ಲವೆಂದು ನಾನು ಹೇಳಲಾರೆ. ಆಗುಂಬೆಯ ಕಡೆಯ ಮಳೆಗಾಲದಲ್ಲಿ ಹಪ್ಪಳ ಗರಿಗರಿಯಾಗಿ ಉಳಿಯುವುದು ಅದರ ದಯೆಯಿಂದಲೇ.

ಆದರೆ ಕಾಗದವೆಂದರೆ ಪರಿಶುದ್ಧ ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತೋ ತಿಳಿಯದು. ಕಾಗದದ ಲೋಟದಲ್ಲಿ ಕಾಫಿ ಸೋರದಿರುವುದು ಒಳಗಿನ ತೆಳು ಪ್ಲಾಸ್ಟಿಕ್ ಪದರದಿಂದ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯವನ್ನು ಹದಿನೈದು ನಿಮಿಷ ಇಟ್ಟರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರಲ್ಲಿ ಸೇರುತ್ತವೆಂದು ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತಿಳಿಸಿದರು. ಎಣ್ಣೆ ಹೀರದ ಕಾಗದಕ್ಕೆ ಬಳಿಯುತ್ತಿದ್ದ ಪಿಎಫ್‌ಎಎಸ್ ಎಂಬ ಫ್ಲೋರಿನ್ ಸಂಯುಕ್ತಗಳು ಮಣ್ಣು ನೀರಿನಲ್ಲಿ ಸುಲಭಕ್ಕೆ ಕೊಳೆತು ಮುಗಿಯುವಂಥವಲ್ಲ. ಡೆನ್ಮಾರ್ಕ್ 2020ರಲ್ಲಿ ಆಹಾರದ ಕಾಗದದಲ್ಲಿ ಅವನ್ನು ನಿಷೇಧಿಸಿತು. ಬೋಂಡವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಬಾರದೆಂದು ನಮ್ಮಲ್ಲೂ 2018ರ ಪ್ಯಾಕೇಜಿಂಗ್ ನಿಯಮವಿದೆ. (ಪತ್ರಿಕೆಯವನಾಗಿ ಹೇಳುತ್ತೇನೆ, ಮಸಿ ಇರುವುದು ಓದುವುದಕ್ಕೆ.)

ಹಾಳೆತಟ್ಟೆಯ ಮಾತು ಬೇರೆ. ಅಡಿಕೆಯಲ್ಲಿರುವ ಆಲ್ಕಲಾಯ್ಡ್‌ಗಳು (ಗಿಡಮರಗಳಲ್ಲಿ ಸಹಜವಾಗಿರುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಆಕ್ಷೇಪ ಎತ್ತಿತು. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಬಿಸಿ ಸಾರು, ಹುಳಿ ಮಜ್ಜಿಗೆ ಅದರಲ್ಲಿ ಹೊತ್ತುಗಟ್ಟಲೆ ನಿಲ್ಲುವುದು ಬೇಡ ಎನ್ನೋಣ. ಆದರೆ ತೋಟದಲ್ಲಿ ತಾನಾಗಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ ತಟ್ಟೆಯಲ್ಲಿ ಏನಿದೆಯೆಂದು ಹುಡುಕಬಹುದು, ಅಳೆಯಬಹುದು. ಹತ್ತಾರು ಪದರಗಳ ಪೊಟ್ಟಣದೊಳಗೆ ಏನಿದೆಯೆಂದು ಅದನ್ನು ಮಾರುವವನಿಗೂ ಗೊತ್ತಿರುವುದಿಲ್ಲ. ಹಾಳೆಯ ಬಗ್ಗೆ ಇಷ್ಟು ಚುರುಕಾದವರು ಉಳಿದದ್ದರ ಬಗ್ಗೆಯೂ ಅಷ್ಟೇ ಚುರುಕಾಗಲಿ.

ಈಗ ನನ್ನ ತಕರಾರು. ಸಂಜೆ ಶಿವಮೊಗ್ಗದ ಯಾವುದಾದರೂ ಹೋಟೆಲಿನ ಪಾರ್ಸೆಲ್ ಕಟ್ಟೆಯ ಮುಂದೆ ನಿಂತು ನೋಡಿ. ಹುಡುಗ ಕೊಳಗದಿಂದ ಹಬೆಯಾಡುವ ಸಾಂಬಾರನ್ನು ಎತ್ತಿ ತೆಳು ಕವರಿಗೆ ಸುರಿಯುತ್ತಾನೆ, ಕವರು ಮೆತ್ತಗಾಗಿ ಜೋಲುತ್ತದೆ, ಬಾಯಿ ತಿರುಚಿ ದಾರ ಸುತ್ತಿ ಕೈಗಿಡುತ್ತಾನೆ. ಪ್ಲಾಸ್ಟಿಕ್ಕಿನಲ್ಲಿರುವುದು ಆಹಾರಕ್ಕೆ ಇಳಿಯಲು ಬೇಕಾದದ್ದು ಬಿಸಿ, ಹುಳಿ, ಎಣ್ಣೆ. ಸಾಂಬಾರಿನಲ್ಲಿ ಮೂರೂ ಇವೆ. ಇಡ್ಲಿ ಬೇಯಿಸುವಾಗ ಪ್ಲಾಸ್ಟಿಕ್ ಹಾಳೆ ಹಾಸಬಾರದೆಂದು ರಾಜ್ಯ ಸರ್ಕಾರ 2025ರಲ್ಲಿ ಹೇಳಿತು, ಒಳ್ಳೆಯದೇ. ಬೆಂದ ಇಡ್ಲಿಯ ಜತೆಗೆ ಹೋಗುವ ಸಾಂಬಾರನ್ನು ಮಾತ್ರ ಎಲ್ಲರೂ ಮರೆತಂತಿದೆ. ದಂಡ ಬೀಳುವುದು ಕವರು ಇಟ್ಟುಕೊಂಡ ತಳ್ಳುಗಾಡಿಯವನಿಗೆ. ಆ ಕವರು ಮಾಡುವ ಕಾರ್ಖಾನೆಯ ಬಾಗಿಲಿಗೆ ಯಾರೂ ಹೋದದ್ದು ಕಾಣೆ.

ನಿಮ್ಮನ್ನೂ ಸ್ವಲ್ಪ ಗದರಬೇಕಾಗಿದೆ. ಬಾಟಲಿಯ ಬಗ್ಗೆ ಇಷ್ಟು ಬರೆದ ನೀವು ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಯಾವುದರಲ್ಲಿ ಇಟ್ಟಿದ್ದೀರೆಂದು ತಿಳಿಸಲಿಲ್ಲ. ಅಜ್ಜಿಯ ಭರಣಿ ಅಟ್ಟದಲ್ಲಿದ್ದು, ಮಿಡಿ ಬಿಸ್ಕತ್ತಿನ ಖಾಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ವರ್ಷವಿಡೀ ಉಪ್ಪು ಹುಳಿಯಲ್ಲಿ ಮುಳುಗಿದೆಯೆಂಬುದು ನನ್ನ ಗುಮಾನಿ. ಹೋಟೆಲಿಗೆ ಹೋಗುವಾಗ ಟಿಫಿನ್ ಕ್ಯಾರಿಯರ್ ಒಯ್ಯಲು ನಾಚಿಕೆಯೇಕೆ? ಒಯ್ದರೂ ಕೆಲವು ಹೋಟೆಲುಗಳಲ್ಲಿ ಪಾರ್ಸೆಲ್ಲಿನ ಹೆಚ್ಚುವರಿ ಹಣವನ್ನು ಬಿಡುವುದಿಲ್ಲ, ಪಾತ್ರೆ ನಮ್ಮದು, ಬಿಲ್ಲು ಡಬ್ಬಿಯದು. ಇದಕ್ಕೆ ಹೋಟೆಲ್ ಮಾಲೀಕರು ಏನಾದರೂ ಸಮಜಾಯಿಷಿ ಕೊಡುವುದಿದ್ದರೆ ಬರೆಯಲಿ, ಮುಂದಿನ ಸಂಚಿಕೆಯಲ್ಲಿ ಅವರಿಗೂ ಇಷ್ಟೇ ಜಾಗ ಕೊಡುತ್ತೇನೆ.