ಮ್ಯಾಕ್‌ನಲ್ಲಿ ಚೆನ್ನಾಗಿತ್ತು, ಆಫೀಸಿನಲ್ಲಿ ಕೆಟ್ಟಿತ್ತು: ಒಂದು ಆಪ್ತಸಲಹೆ ಪ್ರಕರಣ

ಆಕೆಗೆ ಮೂವತ್ತರ ಆಸುಪಾಸು. ಮನೆಯಿಂದಲೇ ವೆಬ್‌ಸೈಟ್ ಮಾಡಿಕೊಡುವ ಕೆಲಸ. ನಿದ್ದೆ ಬರುತ್ತಿಲ್ಲ ಎಂದು ಡಾಕ್ಟರ ಹತ್ತಿರ ಹೋಗಿದ್ದರು. ಅವರು ಔಷಧಿ ಬರೆಯುವ ಮೊದಲು ನನ್ನ ಬಳಿ ಕಳಿಸಿದರು. ಗುರುತು ಸಿಗಬಾರದು ಎಂದು ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

"ನನಗೆ ಈ ಕೆಲಸ ಬರಲ್ಲ ಮೇಡಂ. ಇಷ್ಟು ವರ್ಷ ಗೊತ್ತಾಗಿರಲಿಲ್ಲ, ಅಷ್ಟೇ," ಎಂದರು.

ನಡೆದದ್ದು ಇಷ್ಟು. ಒಂದು ಪತ್ತಿನ ಸಹಕಾರ ಸಂಘಕ್ಕೆ ಕನ್ನಡದಲ್ಲಿ ವೆಬ್‌ಸೈಟ್ ಮಾಡಿದ್ದರು. ಅವರ ಮ್ಯಾಕ್‌ಬುಕ್‌ನಲ್ಲಿ ಎಲ್ಲ ಸರಿಯಾಗಿತ್ತು. ಸಂಘದ ಕಾರ್ಯದರ್ಶಿ ಆಫೀಸಿನ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದು ನೋಡಿ ಫೋನ್ ಮಾಡಿದರು: "ಏನಮ್ಮಾ ಇದು, ಅಕ್ಷರ ಎಲ್ಲಾ ಕಡ್ಡಿ ಥರ ಆಗಿವೆ!" ನಿರ್ದೇಶಕರೊಬ್ಬರ ಮೊಬೈಲಿನಲ್ಲಿ ಇನ್ನೊಂದು ಥರ. ಇನ್ನೊಬ್ಬರ ಹಳೇ ಕಂಪ್ಯೂಟರಿನಲ್ಲಿ ಮಗದೊಂದು ಥರ. ಇವರು ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತಿತ್ತು. ರಾತ್ರಿ ಎರಡಕ್ಕೆ ಎದ್ದು ಕೂರುವುದು ಶುರುವಾಯಿತು. ಕೊನೆಗೆ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಾಗಲೂ ಪಕ್ಕದವರ ಫೋನ್ ಇಸಿದುಕೊಂಡು ಪುಟ ತೆರೆದು ನೋಡುವ ಮಟ್ಟಕ್ಕೆ ಬಂತು. ಅವರ ಅಮ್ಮ ಗಾಬರಿಯಾಗಿದ್ದೇ ಆಗ.

ಈ ಕೆಲಸಕ್ಕೆ ಬರುವ ಮೊದಲು ನಾನು ಕೆಲ ಕಾಲ ಪುಟ ವಿನ್ಯಾಸ ಮಾಡುತ್ತಿದ್ದೆ. ಹಾಗಾಗಿ ಈ ಗೋಳು ನನಗೆ ಪೂರ್ತಿ ಹೊಸದಲ್ಲ. "ನಿಮಗೆ ಕೆಲಸ ಬರುತ್ತೆ, ಚಿಂತೆ ಮಾಡಬೇಡಿ" ಎಂದು ಬೆನ್ನು ತಟ್ಟಿ ಕಳಿಸಬಹುದಿತ್ತು. ಅದರಿಂದ ಅವತ್ತು ಸಂಜೆವರೆಗೆ ಸಮಾಧಾನ ಸಿಗುತ್ತಿತ್ತೇನೋ. ಅದರ ಬದಲು, ಮುಂದಿನ ಭೇಟಿಗೆ ಲ್ಯಾಪ್‌ಟಾಪ್ ತನ್ನಿ, ದೂರು ಬಂದ ಸ್ಕ್ರೀನ್‌ಶಾಟ್‌ಗಳನ್ನೆಲ್ಲ ತನ್ನಿ ಎಂದೆ.

ತಂದರು. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿದೆವು. ಒಂದರಲ್ಲಿ "ಮುರಿದಿದೆ", ಇನ್ನೊಂದರಲ್ಲಿ "ಬೇರೆ ಥರ ಇದೆ". ಇವೆರಡೂ ಅವರ ತಲೆಯಲ್ಲಿ ಒಂದೇ ಆಗಿಹೋಗಿದ್ದವು. ನನ್ನ ಪ್ರಕಾರ ಅವರ ಸಂಕಟದ ಮುಕ್ಕಾಲು ಪಾಲು ಅಲ್ಲೇ ಇತ್ತು.

"ಮುರಿದಿದೆ" ಕಾಲಂನಲ್ಲಿ ಸೇರಿದ್ದು ಕಡಿಮೆ, ಆದರೆ ನಿಜವಾದ ತಪ್ಪುಗಳು. "ಅರ್ಜಿ ಸಲ್ಲಿಸಿ" ಎಂಬ ಬಟನ್‌ನಲ್ಲಿ ಲ ಒತ್ತು ಅರ್ಧಕ್ಕೇ ಕತ್ತರಿಸಿಹೋಗಿತ್ತು. ಬಟನ್ನಿನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿ ಇಟ್ಟದ್ದು. ಇಂಗ್ಲಿಷಿಗೆ ಕೆಳಗೆ ನೇತಾಡುವ ಒತ್ತಕ್ಷರ ಇಲ್ಲವಲ್ಲ. ಪ್ರತಿಭಾ ಪುರಸ್ಕಾರದ ಪುಟದಲ್ಲಿ "ರ‍್ಯಾಂಕ್" ಎಂಬುದು ಅರ್ಕಾವೊತ್ತು ಬಂದು "ರ್ಯಾಂಕ್" ಆಗಿತ್ತು. ಇದಕ್ಕೆ ವಿಂಡೋಸ್ ಕಾರಣ ಎಂದು ಅವರು ದಿನಗಟ್ಟಲೆ ಒದ್ದಾಡಿದ್ದರು. ಅಸಲಿಗೆ ರ ಆದ ಮೇಲೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಬರಬೇಕು, ಅದರ ಹೆಸರು ಜೀರೋ ವಿಡ್ತ್ ಜಾಯ್ನರ್. ಸಂಘದಿಂದ ಟೈಪಾಗಿ ಬಂದ ಪಠ್ಯದಲ್ಲೇ ಅದು ಇರಲಿಲ್ಲ. ಮ್ಯಾಕ್‌ನಲ್ಲೂ ಅದು ತಪ್ಪಾಗೇ ಕಾಣುತ್ತಿತ್ತು. ಇವರು ಗಮನಿಸಿರಲಿಲ್ಲ, ಅಷ್ಟೇ.

"ಬೇರೆ ಥರ ಇದೆ" ಕಾಲಂ ಉದ್ದವಾಯಿತು. ಅಕ್ಷರ ತೆಳು, ಅಕ್ಷರ ಚಿಕ್ಕದು, ತಲೆಬರಹ ಎರಡನೇ ಸಾಲಿಗೆ ಇಳಿಯುತ್ತೆ, ಮೆನು ಸ್ವಲ್ಪ ಕೆಳಗೆ ಸರಿದಿದೆ. ಯಾವ ಫಾಂಟ್ ಹಾಕಿದ್ದೀರಿ ಎಂದು ಕೇಳಿದೆ. "ಎಲ್ಲಾ ಕಡೆ ಪಾಪಿನ್ಸ್," ಎಂದರು. ಪಾಪಿನ್ಸ್‌ನಲ್ಲಿ ಇಂಗ್ಲಿಷ್ ಇದೆ, ದೇವನಾಗರಿ ಇದೆ. ಕನ್ನಡ ಇಲ್ಲ. ಫಾಂಟ್‌ನಲ್ಲಿ ಇಲ್ಲದ ಅಕ್ಷರ ಬಂದರೆ ಬ್ರೌಸರ್ ಆ ಕಂಪ್ಯೂಟರಿನಲ್ಲಿ ಸಿಕ್ಕಿದ ಕನ್ನಡ ಫಾಂಟ್ ತೆಗೆದುಕೊಂಡು ಸುಮ್ನೆ ಮುಂದೆ ಹೋಗುತ್ತದೆ. ಮ್ಯಾಕ್‌ನಲ್ಲಿ ಅದು ಕನ್ನಡ ಸಂಗಮ್ ಅಥವಾ ಕನ್ನಡ ಎಂಎನ್. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ. ಅದಕ್ಕಿಂತ ಹಳೆಯ ವಿಂಡೋಸ್‌ನಲ್ಲಿ ತುಂಗಾ. ಆಂಡ್ರಾಯ್ಡ್ ಫೋನುಗಳಲ್ಲಿ ಹೆಚ್ಚಾಗಿ ನೋಟೋ ಸಾನ್ಸ್ ಕನ್ನಡ. ಲಿನಕ್ಸ್‌ನಲ್ಲಿ ಲೋಹಿತ್, ಗುಬ್ಬಿ, ನವಿಲು, ಯಾವುದು ಹಾಕಿಕೊಂಡಿದ್ದಾರೋ ಅದು. ಅಂದರೆ ಒಂದೇ ಫಾಂಟ್ ಕೊಟ್ಟಿದ್ದೇನೆ ಎಂದುಕೊಂಡಿದ್ದ ಪುಟ ನಾಲ್ಕೈದು ಫಾಂಟ್‌ಗಳಲ್ಲಿ ತೆರೆದುಕೊಳ್ಳುತ್ತಿತ್ತು. ಪರದೆ ನೋಡುತ್ತಾ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕರು. ನನ್ನೆದುರು ಅವರು ನಕ್ಕದ್ದು ಅದೇ ಮೊದಲು.

ಇದಕ್ಕೆ ಪರಿಹಾರ ಅವರಿಗೇ ಗೊತ್ತಿತ್ತು. ನೋಟೋ ಸಾನ್ಸ್ ಕನ್ನಡ ಅಥವಾ ಅನೇಕ್ ಕನ್ನಡದಂಥ ಮುಕ್ತ ಫಾಂಟನ್ನು ಪುಟದ ಜೊತೆಗೇ ಕಳಿಸುವುದು. ಬೋಲ್ಡ್‌ನ ಫೈಲನ್ನೂ ಸೇರಿಸುವುದು, ಇಲ್ಲದಿದ್ದರೆ ಬ್ರೌಸರ್ ತಾನೇ ಅಕ್ಷರವನ್ನು ಬಳಿದು ದಪ್ಪ ಮಾಡುತ್ತದೆ, ಸುಳಿಗಳೆಲ್ಲ ಮುಚ್ಚಿಹೋಗುತ್ತವೆ. ಲೈನ್ ಹೈಟ್, ಅಂದರೆ ಸಾಲಿಗೆ ಕೊಡುವ ಎತ್ತರ, 1.2 ಇದ್ದದ್ದನ್ನು 1.6ಕ್ಕೆ ಏರಿಸುವುದು. ಬಟನ್ನಿಗೆ ಕಟ್ಟುನಿಟ್ಟಿನ ಎತ್ತರ ಬಿಟ್ಟು ಸುತ್ತ ಜಾಗ ಕೊಡುವುದು. ನಾನು ಸೇರಿಸಿದ್ದು ಒಂದೇ ಮಾತು: ಕನ್ನಡಕ್ಕೆ ಯೂನಿಕೋಡ್ ರೇಂಜ್ (ಯಾವ ಯಾವ ಅಕ್ಷರಕ್ಕೆ ಈ ಫಾಂಟ್ ಎಂದು ಬ್ರೌಸರ್‌ಗೆ ಹೇಳುವ ಪಟ್ಟಿ) ಕೊಡುವಾಗ ಆ ಕಾಣದ ಜೋಡಣೆ ಚಿಹ್ನೆಗಳನ್ನು ಮರೆಯಬೇಡಿ, ಮರೆತರೆ ರ‍್ಯಾಂಕ್ ಮತ್ತೆ ಒಡೆಯಬಹುದು.

ಆದರೆ ಅವರು ಬಂದದ್ದು ಇದಕ್ಕಲ್ಲ. ಫಾಂಟ್ ಒಂದೇ ಆದರೂ ತೆಳು-ದಪ್ಪದ ವ್ಯತ್ಯಾಸ ಉಳಿದೇ ಉಳಿಯುತ್ತದೆ. ವಿಂಡೋಸ್ ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕೆಗಳಿಗೆ ಹೊಂದಿಸಲು ನೋಡುತ್ತದೆ. ಮ್ಯಾಕ್ ಅಕ್ಷರದ ಮೂಲ ಆಕಾರ ಉಳಿಸಿಕೊಳ್ಳಲು ನೋಡುತ್ತದೆ, ಹಾಗಾಗಿ ಅಲ್ಲಿ ಅಕ್ಷರ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತದೆ. ಆಫೀಸಿನ ಹಳೇ ಮಾನಿಟರಿನಲ್ಲಿ ಚುಕ್ಕೆಗಳೂ ಕಡಿಮೆ. ಸಾಲದ್ದಕ್ಕೆ ಆಪಲ್ ಕೂಡ 2018ರ ಮೊಹಾವಿ ಎಂಬ ಮ್ಯಾಕ್ ಆವೃತ್ತಿಯಲ್ಲಿ ಅಕ್ಷರದ ಅಂಚು ನಯ ಮಾಡುವ ತನ್ನದೇ ಹಳೆಯ ವಿಧಾನ ಬಿಟ್ಟಿತು. ಇವರು ಎಷ್ಟೋ ರಾತ್ರಿ ತಿದ್ದಿದ್ದು ವೆಬ್‌ಕಿಟ್ ಫಾಂಟ್ ಸ್ಮೂದಿಂಗ್ ಎಂಬ, ಅಕ್ಷರದ ಅಂಚು ನಯ ಮಾಡಲು ಹೇಳುವ ಒಂದು ಸಾಲು ಕೋಡನ್ನು. ಅದು ಕೆಲಸ ಮಾಡುವುದೇ ಮ್ಯಾಕ್‌ನಲ್ಲಿ. ವಿಂಡೋಸ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

"ಹಾಗಾದ್ರೆ ಅಷ್ಟೂ ರಾತ್ರಿ ವ್ಯರ್ಥ ಅಲ್ವಾ ಮೇಡಂ?"

ಹೌದು ಎಂದೆ. ಸುಳ್ಳು ಹೇಳಿ ಏನು ಮಾಡುವುದು.

ನಾನು ಕೊಟ್ಟ ಸಲಹೆ ಹೀಗಿತ್ತು. ಕೈಗೆ ಸಿಕ್ಕ ಫೋನಿನಲ್ಲೆಲ್ಲ ನೋಡುವುದು ನಿಲ್ಲಬೇಕು. ಪರೀಕ್ಷೆಗೆ ಮೂರು ಸಾಧನ ಗೊತ್ತು ಮಾಡಿಕೊಳ್ಳಿ: ಸಂಘದ ಆಫೀಸಿನ ಕಂಪ್ಯೂಟರ್, ಕಡಿಮೆ ಬೆಲೆಯ ಒಂದು ಆಂಡ್ರಾಯ್ಡ್, ನಿಮ್ಮ ಮ್ಯಾಕ್. ಹಗಲಿನಲ್ಲಿ, ಒಂದು ಗೊತ್ತಾದ ಹೊತ್ತಿನಲ್ಲಿ ನೋಡಿ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಬೇರೆ ಕೋಣೆಯಲ್ಲಿರಲಿ. ಎರಡನೇ ಕಾಲಂನಿಂದ ಒಂದು ವ್ಯತ್ಯಾಸ ಆರಿಸಿಕೊಂಡು ಒಂದು ವಾರ ಬೇಕಂತಲೇ ಮುಟ್ಟದೆ ಬಿಡಿ. ತಳಮಳ ಹತ್ತರಲ್ಲಿ ಎಷ್ಟು ಎಂದು ದಿನಾ ಸಂಜೆ ಬರೆದಿಡಿ. ಅವರು ತಲೆಬರಹ ಎರಡು ಸಾಲಾಗುವುದನ್ನು ಆರಿಸಿಕೊಂಡರು. ಮೊದಲ ದಿನ ಎಂಟು ಇತ್ತು. ನಡುವೆ ಒಂದು ದಿನ ತಡೆಯಲಾರದೆ ತಿದ್ದಿ, ಮತ್ತೆ ಮೊದಲಿನಂತೆ ಮಾಡಿದರಂತೆ. ವಾರದ ಕೊನೆಗೆ ನಾಲ್ಕು.

ಕಾರ್ಯದರ್ಶಿಯ ವಿಷಯ ಬೇರೆ. ಅವರು ಸ್ಮರಣ ಸಂಚಿಕೆ, ವಾರ್ಷಿಕ ವರದಿ ಅಚ್ಚು ಹಾಕಿಸಿ ಅಭ್ಯಾಸವಿದ್ದವರು. ಅಚ್ಚಾದ ಹಾಳೆ ಎಲ್ಲರ ಕೈಯಲ್ಲೂ ಒಂದೇ. ಅವರ ಸಿಟ್ಟಿಗೂ ಅರ್ಥವಿತ್ತು. ಅವರಿಗೆ ಫೋನಿನಲ್ಲಿ ಕ್ಷಮೆ ಕೇಳುವುದನ್ನು ಬಿಟ್ಟು ಕಾಗದ ಬರೆಯಿರಿ ಎಂದೆ. ಇಬ್ಬರೂ ಕೂತು ಬರೆದೆವು: "ಓದಲು ತೊಡಕಾಗುವುದು, ಒತ್ತಕ್ಷರ ಕತ್ತರಿಸಿಹೋಗುವುದು, ಅಕ್ಷರ ಒಡೆಯುವುದು ಕಂಡರೆ ಹೆಚ್ಚು ಹಣ ಕೇಳದೆ ಸರಿ ಮಾಡಿಕೊಡುತ್ತೇನೆ. ಅಕ್ಷರದ ತೆಳು-ದಪ್ಪ, ಸಾಲು ಎಲ್ಲಿ ಮುರಿಯುತ್ತದೆ ಎಂಬುದು ಆಯಾ ಕಂಪ್ಯೂಟರಿನ ಮೇಲಿದೆ ಸಾರ್. ಅದು ಎಲ್ಲಾ ಕಡೆ ಒಂದೇ ಇರುವುದಿಲ್ಲ." ಕಾರ್ಯದರ್ಶಿ ಪೂರ್ತಿ ಒಪ್ಪಲಿಲ್ಲ. ಸ್ವಲ್ಪವಾದರೂ ದಪ್ಪ ಮಾಡಿ ಎಂದರು. ಇವರು ಫಾಂಟಿನ ಮೀಡಿಯಂ ತೂಕ, ಅಂದರೆ ಮಾಮೂಲಿಗಿಂತ ಒಂದಿಷ್ಟು ದಪ್ಪನೆಯ ರೂಪ, ಹಾಕಿಕೊಟ್ಟರು. ನನಗೆ ಅದರಲ್ಲಿ ಸೋಲೇನೂ ಕಾಣಲಿಲ್ಲ. ಆಫೀಸಿನಲ್ಲಿ ದಿನವಿಡೀ ಅದನ್ನು ನೋಡುವವರು ಅವರೇ ತಾನೆ. ಉಳಿದ ದುಡ್ಡು ಬಂತು, ತಡವಾಗಿ.

ನಿದ್ದೆ ಸುಧಾರಿಸಿದೆ, ಔಷಧಿ ಬೇಕಾಗಲಿಲ್ಲ. ನೆಂಟರ ಫೋನ್ ಕೇಳುವುದು ಪೂರ್ತಿ ನಿಂತಿಲ್ಲ. ಅದರ ಮೇಲೆ ಇನ್ನೂ ಕೆಲಸ ನಡೆದಿದೆ. ಈಗ ಹೊಸ ಗಿರಾಕಿಗೆ ಕೊಡುವ ಕೊಟೇಶನ್‌ನಲ್ಲೇ ಯಾವ ಸಾಧನಗಳಲ್ಲಿ ನೋಡಿ ಕೊಡುತ್ತೇನೆ ಎಂದು ಬರೆಯುತ್ತಾರೆ. ಮೊನ್ನೆ ಹಳ್ಳಿಯ ಹಾಲಿನ ಸಂಘದವರೊಬ್ಬರು ಪಟ್ಟಿ ಓದಿ, "ಐಫೋನ್ ಯಾಕಮ್ಮಾ, ನಮ್ಮಲ್ಲಿ ಯಾರ ಹತ್ರಾನೂ ಇಲ್ಲ, ಅದನ್ನ ತೆಗೆದು ರೇಟ್ ಕಮ್ಮಿ ಮಾಡಿ" ಎಂದರಂತೆ. ತೆಗೆದರು. ರೇಟೂ ಸ್ವಲ್ಪ ಇಳಿಸಿದರು.